ಚುಕ್ಕಿ ಫೋಲ್ಡರಿನ ನವಿಲುಗಳು

ಶುಕ್ರವಾರ ಕಳೆಯುವಷ್ಟರಲ್ಲಿ ಈ ಮನೆಯ ಕಂಪ್ಯೂಟರಿನಲ್ಲಿ ಹಳೆಯದೆನ್ನುವುದು ಒಂದೇ ಒಂದು ಉಳಿದಿದ್ದರೂ ತನ್ನ ಹೆಸರು ಮುನೇಶನೇ ಅಲ್ಲ ಎಂದು ಜಕ್ಕೂರಿನ ಮುನೇಶ ಊಟದ ತಟ್ಟೆಯ ಮುಂದೆ ಕೂತು ಪ್ರತಿಜ್ಞೆ ಮಾಡಿದ. ಸಾಮಾನ್ಯ ಪ್ರತಿಜ್ಞೆಯಲ್ಲ ಅದು. ಮದುವೆಯಾಗಿ ಬಹಳ ಕಾಲ ಮಕ್ಕಳಾಗದೆ ಅವನ ತಾಯಿ ಮುನಿಕೆಂಪಮ್ಮ ಕೆರೆಯ ಕಡೆಯ ಮುನೇಶ್ವರನಿಗೆ ಹರಕೆ ಹೊತ್ತು ಪಡೆದ ಮಗ ಅವನು. ಆ ಹೆಸರನ್ನು ಬಿಡಬೇಕೆಂದರೆ ದೇವರನ್ನೂ ಒಂದು ಮಾತು ಕೇಳಬೇಕಾಗುತ್ತಿತ್ತು. ಅಂಥ ಹೆಸರನ್ನೇ ಪಣಕ್ಕಿಟ್ಟಿದ್ದಾನೆಂದರೆ ಅವನಿಗೆ ಎಷ್ಟು ರೇಗಿತ್ತೆಂದು ನೀವೇ ಊಹಿಸಿ.

"ಮೊದ್ಲು ಊಟ ಮಾಡಿ, ಸಾರು ಆರೋಗುತ್ತೆ," ಎಂದಳು ಹೆಂಡತಿ ಆಶಾರಾಣಿ.

ಮುನೇಶ ಯಲಹಂಕದ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಅಲ್ಲಿನ ಕಂಪ್ಯೂಟರುಗಳನ್ನೆಲ್ಲ ಓಡಿಸುವುದು ಲಿನಕ್ಸ್ ಎಂಬ ವ್ಯವಸ್ಥೆ. ಆದ್ದರಿಂದ ಮನೆಯಲ್ಲೂ ಲಿನಕ್ಸೇ ಇರತಕ್ಕದ್ದು ಎಂದು ಕಟ್ಟಪ್ಪಣೆ ಮಾಡಿ, ಮನೆಯವರಿಗೆಲ್ಲ ಸೇರಿ ಒಂದೇ ಅಕೌಂಟು ತೆರೆದು, ಅದಕ್ಕೆ ಬೇರೆ ಯಾವ ಹೆಸರೂ ಹೊಳೆಯದವನಂತೆ 'ಮುನೇಶ್' ಎಂದೇ ಹೆಸರಿಟ್ಟಿದ್ದ. ಬೆಳಿಗ್ಗೆ ಕಂಪ್ಯೂಟರು ಹಚ್ಚಿದರೆ ಪರದೆಯ ಮೇಲೆ ಯಜಮಾನರ ಹೆಸರು ಬೆಳಗಬೇಕು. ಅದನ್ನು ನೋಡಿದರೆ ಅವನಿಗೆ ಅರ್ಧ ಕಾಫಿ ಕುಡಿದಷ್ಟು ಹುರುಪು ಬರುತ್ತಿತ್ತು.

ಆದರೆ ಎರಡು ಸಾವಿರದ ಹದಿನಾಲ್ಕರ ಆ ಬೇಸಿಗೆಯಲ್ಲಿ ಕಂಪ್ಯೂಟರಿಗೆ ಲಿನಕ್ಸಿನ ಹೊಸ ಆವೃತ್ತಿ ಹಾಕಿದಾಗಿನಿಂದ ಅವನ ನೆಮ್ಮದಿ ಕೆಟ್ಟುಹೋಗಿತ್ತು. ಲಿನಕ್ಸಿನಲ್ಲಿ ಪ್ರತಿಯೊಂದು ಸಾಫ್ಟ್‌ವೇರೂ ಮನೆಗೆ ಬಂದ ದಿನವೇ ತನ್ನದೊಂದು ಫೋಲ್ಡರ್ ಮಾಡಿಕೊಂಡು ತನ್ನ ಇಷ್ಟಾನಿಷ್ಟಗಳನ್ನೆಲ್ಲ ಅದರಲ್ಲಿ ಬಚ್ಚಿಡುತ್ತದೆ. ಆ ಫೋಲ್ಡರಿನ ಹೆಸರು ಚುಕ್ಕಿಯಿಂದ ಶುರುವಾಗುತ್ತದೆ. ಚುಕ್ಕಿ ಇದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಾಗ ಅದು ಹೊಸ ಫೋಲ್ಡರ್ ಕಟ್ಟಿಕೊಳ್ಳುತ್ತದೆ, ಹಳೆಯದನ್ನು ಮಾತ್ರ ಖಾಲಿ ಮಾಡುವುದಿಲ್ಲ. ಮುನೇಶನ ಮನೆಯ ಮೇಲಿನ ಅಂತಸ್ತುಗಳಲ್ಲಿ ಬಾಡಿಗೆಗಿದ್ದು ಹೋದವರೂ ಹೀಗೆಯೇ. ಮನೆ ಬಿಟ್ಟು ಹೋಗುವಾಗ ಗೋಡೆಯಲ್ಲಿ ಮೊಳೆ, ಮೊಳೆಯಲ್ಲಿ ಹೋದ ವರ್ಷದ ಕ್ಯಾಲೆಂಡರು, ಬಚ್ಚಲಲ್ಲಿ ಅರ್ಧ ಸವೆದ ಸೋಪು, ಸಜ್ಜೆಯ ಮೇಲೆ ತಳ ಸುಟ್ಟ ಪಾತ್ರೆ. ಅಡ್ವಾನ್ಸ್ ವಾಪಸು ಕೊಡುವ ದಿನ ಅವರೊಂದಿಗೆ ಜಗಳವಾಡಬಹುದು. ಸಾಫ್ಟ್‌ವೇರಿನ ಜೊತೆ ಯಾರು ಜಗಳವಾಡುವುದು?

ಮುನೇಶ ಆಡಿದ. ಶುಕ್ರವಾರ ಸಂಜೆ ಕಾಲೇಜಿನಿಂದ ಬಂದವನೇ ಕಾಲು ತೊಳೆದು ಕಂಪ್ಯೂಟರಿನ ಮುಂದೆ ಕೂತು, ಹಳೆಯ ಸಾಫ್ಟ್‌ವೇರುಗಳನ್ನು ಒಂದೊಂದಾಗಿ ಕಿತ್ತುಹಾಕಲು ಆಜ್ಞೆ ಕೊಡತೊಡಗಿದ. ಯಂತ್ರ ಹೇಳಿದ್ದನ್ನೆಲ್ಲ ಮಾಡಿತು. ಆದರೆ ಪ್ರತಿ ಸಲವೂ ಕೊನೆಯಲ್ಲಿ ಒಂದು ಮಾತು ಸೇರಿಸಿತು: ಫೋಲ್ಡರ್ ಖಾಲಿ ಇಲ್ಲ, ಆದ್ದರಿಂದ ತೆಗೆದಿಲ್ಲ.

"ನೋಡಿದ್ಯಾ ಆಶಾ, ಹೆಂಗ್ ಮಾತಾಡುತ್ತೆ ನೋಡು. ಸಾಹೇಬ್ರು ಸೀಟಲ್ಲಿಲ್ಲ ನಾಳೆ ಬಾ ಅಂತಾರಲ್ಲ, ಹಂಗೆ."

ಆಶಾರಾಣಿ ಸೊಪ್ಪು ಬಿಡಿಸುತ್ತಿದ್ದಳು. "ಖಾಲಿ ಇಲ್ಲ ಅಂದ್ರೆ ಒಳಗೇನೋ ಇದೆ ಅಂತ ತಾನೇ? ಏನಿದೆ ಅಂತ ನೋಡಿ ತೆಗೀರಿ."

"ಏನಿರುತ್ತೆ, ಕಸ. ಬರೀ ಹಳೇ ಕಸ."

ಕಸ ಎಂಬ ಮಾತು ಕಿವಿಗೆ ಬಿದ್ದದ್ದೇ ದೇವರ ಕೋಣೆಯಿಂದ ಮುನಿಕೆಂಪಮ್ಮ ಹೊರಗೆ ಬಂದರು. ಕೈಯಲ್ಲಿ ಆಗಷ್ಟೇ ಗೀರಿದ ಬೆಂಕಿಕಡ್ಡಿಯ ತುದಿ ಇನ್ನೂ ಹೊಗೆಯಾಡುತ್ತಿತ್ತು.

"ಮುನೇಸಾ, ಈಗ್ ತಾನೆ ದೀಪ ಅಚ್ಚಿವ್ನಿ. ಸುಕ್ರವಾರ ಬೇರೆ. ದೀಪ ಅಚ್ಚಿದ್ ಮ್ಯಾಲೆ ಕಸ ಆಚಿಕ್ಕೆ ಆಕ್ಬಾರ್ದು ಕಣಪ್ಪ. ಲಕ್ಸ್ಮಿ ಒಂಟೋಯ್ತಾಳೆ."

"ಅಮ್ಮಾ, ಇದು ಮನೆ ಕಸ ಅಲ್ಲ, ಕಂಪ್ಯೂಟರ್ ಕಸ."

"ಕಂಪೂಟ್ರು ಮನೆ ಒಳಗ್ ತಾನೆ ಐತೆ?"

ವಾದದಲ್ಲಿ ಸೋತಾಗ ಮುನೇಶ ಇಂಗ್ಲಿಷಿನಲ್ಲಿ ಏನಾದರೂ ಗೊಣಗುವುದು ವಾಡಿಕೆ. ಈಗಲೂ ಗೊಣಗಿದ. ಆಮೇಲೆ, ಕೇಳದೆ, ನೋಡದೆ, ಖಾಲಿಯೋ ಭರ್ತಿಯೋ ಎಂದು ವಿಚಾರಿಸದೆ ಬುಡಸಮೇತ ಅಳಿಸಿಹಾಕುವ ಆಜ್ಞೆಯನ್ನು ಹಳೆಯ ಚುಕ್ಕಿ ಫೋಲ್ಡರುಗಳ ಮೇಲೆಲ್ಲ ಪ್ರಯೋಗಿಸಿದ. ಲಿನಕ್ಸು ಈ ಆಜ್ಞೆಗೆ ಎದುರಾಡುವುದಿಲ್ಲ. ಎಲ್ಲ ಹೋದವು. ಮುನೇಶ ಬೆರಳುಗಳ ನೆಟಿಗೆ ಮುರಿದು, ಪರದೆಯನ್ನು ಹೆಮ್ಮೆಯಿಂದ ನೋಡಿ, ಎರಡು ಸಲ ಬಡಿಸಿಕೊಂಡು ಊಟ ಮಾಡಿದ.

ಈಗ ಆಶಾರಾಣಿಯ ಕೆಲಸದ ಬಗ್ಗೆ ಹೇಳಬೇಕು. ಅವಳು ಮದುವೆ ಬ್ಲೌಸುಗಳಿಗೆ ಕಸೂತಿಯ ಚಿತ್ರ ಬಿಡಿಸಿಕೊಡುತ್ತಿದ್ದಳು. ಕಂಪ್ಯೂಟರಿನಲ್ಲಿ ಗಿಂಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಬೆನ್ನಿಗೆ ನವಿಲು, ತೋಳಿಗೆ ಮಾವಿನಕಾಯಿ, ಅಂಚಿಗೆ ಬಳ್ಳಿ ಎಂದು ಜೋಡಿಸಿ, ಬಟರ್ ಪೇಪರಿನ ಮೇಲೆ ಪ್ರಿಂಟು ತೆಗೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚಿ ತೂತು ಮಾಡಿ ತಣಿಸಂದ್ರದಲ್ಲಿ ಕಸೂತಿ ಹಾಕುವ ತಾಹೆರಾಗೆ ತಲುಪಿಸುವಳು. ತಾಹೆರಾ ಆ ಹಾಳೆಯನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದ ಪುಡಿ ಉಜ್ಜಿದರೆ ತೂತುಗಳ ಮೂಲಕ ಚಿತ್ರ ಬಟ್ಟೆಗಿಳಿಯುತ್ತದೆ. ಆಮೇಲೆ ಅದರ ಮೇಲೆ ಜರಿ, ಮಣಿ, ಮುತ್ತು.

ಒಂದು ನವಿಲು ಬರೆಯಲು ವಾರವೇ ಹಿಡಿಯುತ್ತಿತ್ತು, ಪ್ರತಿ ಬಾರಿ ಹೊಸದಾಗಿ ಬರೆಯುತ್ತ ಕೂರಲು ಆಗುತ್ತದೆಯೇ? ಆಶಾರಾಣಿ ತಾನು ಚೆನ್ನಾಗಿ ಬಿಡಿಸಿದ ನವಿಲು, ಕಮಲ, ಆನೆ, ಮಾವಿನಕಾಯಿಗಳನ್ನೆಲ್ಲ ಗಿಂಪಿನಲ್ಲಿ 'ಬ್ರಶ್'ಗಳಾಗಿ ಉಳಿಸಿಟ್ಟುಕೊಂಡಿದ್ದಳು. ಬ್ರಶ್ ಎಂದರೆ ರಬ್ಬರ್ ಸ್ಟಾಂಪಿದ್ದ ಹಾಗೆ, ಬೇಕಾದಲ್ಲಿ ಒತ್ತಿದರೆ ನವಿಲು ಮೂಡುತ್ತದೆ. ವರ್ಷಗಳ ದುಡಿಮೆ ಅದು. ಕೆಂಪಾಪುರ, ತಣಿಸಂದ್ರಗಳ ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ಅವಳ ನವಿಲನ್ನು ಹುಡುಕಿಕೊಂಡು ಜಕ್ಕೂರಿಗೆ ಬರುತ್ತಿದ್ದರು.

ಶನಿವಾರ ಬೆಳಿಗ್ಗೆ ಆಶಾರಾಣಿ ಗಿಂಪ್ ತೆರೆದಳು. ಕೆಂಪಾಪುರದ ಸರಳಾ ಎಂಬವರ ಮಗಳ ಮುಹೂರ್ತದ ಬ್ಲೌಸು. ಬೆನ್ನಿಗೆ ಎದುರುಬದುರು ನೋಡುವ ಜೋಡಿ ನವಿಲು, ನಡುವೆ ಕಮಲ. ಸೋಮವಾರ ಬಟ್ಟೆ ತಾಹೆರಾಳ ಕಸೂತಿ ಚೌಕಟ್ಟಿಗೆ ಏರಬೇಕಿತ್ತು, ಅದಾದ ಮುಂದಿನ ವಾರ ಮದುವೆ. ಆಶಾರಾಣಿ ನವಿಲನ್ನು ಹುಡುಕಿದಳು. ಇಲ್ಲ. ಕಮಲ ಹುಡುಕಿದಳು. ಇಲ್ಲ. ಇದ್ದದ್ದು ಸಾಫ್ಟ್‌ವೇರಿನ ಜೊತೆ ಬಿಟ್ಟಿಯಾಗಿ ಬಂದ ಸಣ್ಣ ಚುಕ್ಕಿ, ಮಧ್ಯಮ ಚುಕ್ಕಿ, ದೊಡ್ಡ ಚುಕ್ಕಿ ಮತ್ತು ಅದ್ಯಾವ ಪುಣ್ಯಾತ್ಮ ಯಾತಕ್ಕಾಗಿ ಸೇರಿಸಿದ್ದನೋ, ಒಂದು ಹಸಿರು ದಪ್ಪ ಮೆಣಸಿನಕಾಯಿ.

"ರೀ, ಇಲ್ಲಿ ಬನ್ನಿ."

ಆ 'ರೀ'ಯಲ್ಲಿದ್ದ ತಣ್ಣಗಿನ ಧಾಟಿಗೆ ಮುನೇಶ ಹಲ್ಲುಜ್ಜುವ ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡೇ ಬಂದ.

"ನನ್ ನವಿಲೆಲ್ಲಿ?"

"ಇಲ್ಲೇ ಎಲ್ಲೋ ಇರುತ್ತೆ. ಹೊಸ ವರ್ಷನ್ನಿನ ಫೋಲ್ಡರ್ ಹಂಗೇ ಇದೆ, ಅದನ್ನ ನಾನು ಮುಟ್ಟಿಲ್ಲ."

"ಅದ್ರಲ್ಲಿರ್ಲಿಲ್ಲ. ಹಳೇದ್ರಲ್ಲಿತ್ತು. ಹೊಸ ಗಿಂಪ್ ಬಂದಾಗ ನವಿಲೆಲ್ಲಾ ಕಾಣೆ ಆಗೋಗಿತ್ತಲ್ಲ, ನೀವು ಫೋನೂ ಎತ್ತಲಿಲ್ಲ. ನಾನೇ ಸೆಟ್ಟಿಂಗ್ಸಿಗೆ ಹೋಗಿ, ಹಳೇ ಫೋಲ್ಡರಿಂದ ತಗೋ ಅಂತ ದಾರಿ ಕೊಟ್ಟಿದ್ದೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ನಿಮಗೆ ಹೇಳ್ದೆ. ನೀವು ಹ್ಞೂಂ ಅಂದ್ರಿ."

ಮುನೇಶನಿಗೆ ಆ ಹ್ಞೂಂ ನೆನಪಾಯಿತು. ಬಾಯಿ ತುಂಬ ಮುದ್ದೆ ಇತ್ತು, ಟೀವಿಯಲ್ಲಿ ಕ್ರಿಕೆಟ್ ಇತ್ತು. ಅಂಥ ಹೊತ್ತಿನಲ್ಲಿ ಅವನು ಯಾವ ಮಾತಿಗಾದರೂ ಹ್ಞೂಂ ಎನ್ನುತ್ತಿದ್ದ, ಮನೆ ಬರೆದುಕೊಡಿ ಎಂದರೂ ಅನ್ನುತ್ತಿದ್ದ.

"ಹಳೇ ಬ್ಲೌಸಿನ ಚಿತ್ರಗಳಿರುತ್ತಲ್ಲ, ಅದ್ರಿಂದ ನವಿಲು ಕಟ್ ಮಾಡ್ಕೊಂಡ್ರೆ?"

"ಕೆಲ್ಸ ಮುಗಿದ್ ಮೇಲೆ ಫೈಲ್ ಇಟ್ಕೋಬಾರ್ದು, ಜಾಗ ಹಾಳು ಅಂತ ಹಬ್ಬದ ಹಿಂದಿನ ದಿನ ಕೂತು ಅಳಿಸಿದ್ಯಾರು?"

ಅದೂ ಅವನೇ. ಕಾಲೇಜಿನಲ್ಲಿ ಪ್ರತಿ ವರ್ಷ ಹೊಸ ಹುಡುಗರನ್ನು ಕೂರಿಸಿಕೊಂಡು, ಬ್ಯಾಕಪ್ ಇಲ್ಲದ ಬಾಳು ಬಾಳೇ ಅಲ್ಲವೆಂದು ಭಾಷಣ ಬಿಗಿಯುವ ಮುನೇಶನ ಮನೆಯಲ್ಲಿ ಒಂದೇ ಒಂದು ನವಿಲಿಗೂ ಬ್ಯಾಕಪ್ ಇರಲಿಲ್ಲ. ಅವನ ಬಾಯಿಂದ ಟೂತ್‌ಪೇಸ್ಟಿನ ನೊರೆ ಬನಿಯನ್ನಿನ ಮೇಲೆ ತೊಟ್ಟಿಕ್ಕಿತು. ಆಶಾರಾಣಿ ಬೈಯಲೂ ಇಲ್ಲ. ಮೆಣಸಿನಕಾಯಿಯ ಮೇಲೆ ಒತ್ತಿದಳು. ಸರಳಾರವರ ಮಗಳ ಬೆನ್ನಿನ ನಟ್ಟನಡುವೆ ಒಂದು ದಪ್ಪ ಮೆಣಸಿನಕಾಯಿ ಬಂದು ಕೂತಿತು. ಅದನ್ನು ನೋಡುತ್ತ ಅವಳ ಕಣ್ಣಲ್ಲಿ ನೀರು ಬಂತು. ಮುನೇಶನಿಗೆ ಬೈಗುಳವೇ ವಾಸಿಯಾಗಿತ್ತು ಎನ್ನಿಸಿತು.

ಮಧ್ಯಾಹ್ನದ ಮುಂಚೆಯೇ ಸಹೋದ್ಯೋಗಿ ವಾಸು ಒಂದು ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬಂದ. ಅಳಿಸಿಹೋದದ್ದನ್ನು ಹೆಕ್ಕಿ ತರುವ ಸಾಫ್ಟ್‌ವೇರೊಂದು ಅವನ ಬಳಿ ಇತ್ತು.

"ಯಾವಾಗ್ ಅಳಿಸಿದ್ದು ಗುರು?"

"ನಿನ್ನೆ ಸಂಜೆ."

ವಾಸು ಹಣೆ ಚಚ್ಚಿಕೊಂಡ. "ಶುಕ್ರವಾರ ಸಂಜೆನಾ? ಏನ್ ಗುರು ನೀನು. ದೊಡ್ಡ ದೊಡ್ಡ ಕಂಪನೀಲೇ ಶುಕ್ರವಾರ ಸಂಜೆ ಸಿಸ್ಟಮ್ ಮುಟ್ಟಲ್ಲ. ಏನಾದ್ರೂ ಎಡವಟ್ಟಾದ್ರೆ ಶನಿವಾರ, ಭಾನುವಾರ ಎರಡೂ ಹೋಗುತ್ತೆ ಅಂತ ಅದಕ್ಕೊಂದು ರೂಲೇ ಇದೆ."

"ನಾನೂ ಅದ್ನೇ ಏಳ್ದೆ," ಎಂದರು ಮುನಿಕೆಂಪಮ್ಮ ಅಡುಗೆಮನೆಯ ಬಾಗಿಲಿಂದ.

ವಾಸು ತಿರುಗಿ ಕೈ ಮುಗಿದ. "ಅಮ್ಮಾ, ನೀವ್ ಯಾವ್ ಕಂಪನೀಲಿದ್ರಿ?"

"ನಾವ್ಯಾಕ್ ಕಂಪ್ನಿಗೋಗಾನ, ದ್ರಾಕ್ಸಿ ತೋಟ ಇತ್ತು," ಎಂದು ಅವರು ಒಳಗೆ ಹೋದರು.

ಹೆಕ್ಕುವ ಸಾಫ್ಟ್‌ವೇರು ಕೆಲಸ ಶುರುಮಾಡಿತು. ಒಂದು ಗಂಟೆ ಗರಗರ ಎಂದು ಓಡಿ, ಈ ಕಂಪ್ಯೂಟರು ಹುಟ್ಟಿದಂದಿನಿಂದ ಯಾವ್ಯಾವ ಫೋಟೋ ಅಳಿಸಲ್ಪಟ್ಟಿತ್ತೋ ಅವೆಲ್ಲವನ್ನೂ ಹೆಸರಿಲ್ಲದೆ, ಊರಿಲ್ಲದೆ ಎಳೆತಂದು ಗುಡ್ಡೆ ಹಾಕಿತು. ಆಶಾರಾಣಿ ಮುಂದೆ ಕೂತು ಒಂದೊಂದಾಗಿ ನೋಡತೊಡಗಿದಳು. ಯಾವುದೋ ಮೊಬೈಲಿನ ಜಾಹೀರಾತು. ಪಲ್ಯದ ಪಾಕವಿಧಾನದ ಜೊತೆ ಬಂದಿದ್ದ ಬದನೆಕಾಯಿ. ಮೇಲಿನ ಮನೆಯ ಮಾಜಿ ಬಾಡಿಗೆದಾರರ ಮಗುವಿನ ಹುಟ್ಟುಹಬ್ಬ. ಗಿಂಪಿನಲ್ಲಿ ಮಾಡಿದ ಬ್ರಶ್, ಬ್ಲೌಸಿನ ಚಿತ್ರ ಇಂಥ ಜಾತಿಯ ಫೈಲುಗಳನ್ನು ಆ ಸಾಫ್ಟ್‌ವೇರು ಗುರುತಿಸುವುದೇ ಇಲ್ಲವೆಂಬ ಸಂಗತಿ ಮುನೇಶನಿಗೆ ಅಷ್ಟರಲ್ಲಿ ಹೊಳೆದಿತ್ತು. ಅದನ್ನು ಹೇಳಿಬಿಟ್ಟಿದ್ದರೆ ಆಶಾರಾಣಿ ನೋಡುವುದನ್ನು ನಿಲ್ಲಿಸುತ್ತಿದ್ದಳು. ಧೈರ್ಯ ಸಾಲದೆ ಸುಮ್ಮನಿದ್ದ. ಅಲ್ಲೇ ಅವನು ಕೆಟ್ಟದ್ದು.

ಆಶಾರಾಣಿಯ ಕೈ ನಿಂತಿತು. ಪರದೆಯ ತುಂಬ ಮುನೇಶ ಮತ್ತು ವಾಸು. ಇಬ್ಬರಿಗೂ ಹೂವಿನ ಚಡ್ಡಿ, ಕಪ್ಪು ಕನ್ನಡಕ. ಇಬ್ಬರ ಕೈಯಲ್ಲೂ ಬಾಟಲಿ. ಹಿಂದೆ, ಕಣ್ಣು ಹಾಯುವವರೆಗೂ ನೀರು.

"ಇದ್ಯಾವಾಗ?"

"ಅದು... ಟ್ರೇನಿಂಗಿಗೆ ಹೋಗಿದ್ವಲ್ಲ, ಸರ್ವರ್ ಟ್ರೇನಿಂಗು," ಎಂದ ಮುನೇಶ.

"ಅದು ಹೈದರಾಬಾದಲ್ಲಿ ಅಂದಿದ್ರಿ. ಹೈದರಾಬಾದಿಗೆ ಸಮುದ್ರ ಯಾವಾಗ ಬಂತು?"

ಮುನೇಶ ವಾಸುವಿನ ಕಡೆ ನೋಡಿದ. ವಾಸು ಸ್ನೇಹಕ್ಕಾಗಿ ಪ್ರಾಣ ಕೊಡಬಲ್ಲವನು, ಬುದ್ಧಿ ಮಾತ್ರ ಕೊಡಲಾರ. "ಹುಸೇನ್ ಸಾಗರ ಅತ್ತಿಗೆ. ದೊಡ್ ಕೆರೆ ಅದು."

"ಹೌದಾ? ಕೆರೇಲಿ ಇಷ್ಟೆತ್ತರ ಅಲೆ ಬರುತ್ತಾ?"

"ಅವತ್ತು ಗಾಳಿ ಜಾಸ್ತಿ ಇತ್ತು."

"ಹಿಂದೆ ಬೋರ್ಡಲ್ಲಿ ಗೋವಾ ಅಂತ ಬರ್ದಿದೆ."

ವಾಸು ನೀರು ಕೇಳಿದ. ಆಶಾರಾಣಿ ತಂದುಕೊಟ್ಟಳು. ಕೊಡುವಾಗ ಬಹಳ ನಯವಾಗಿ, "ಮಾಲಾ ಹೇಗಿದಾಳೆ ವಾಸು? ಮಾತಾಡಿ ದಿನ ಆಯ್ತು, ಸಂಜೆ ಫೋನ್ ಮಾಡ್ತೀನಿ," ಎಂದಳು. ಮಾಲಾ ವಾಸುವಿನ ಹೆಂಡತಿ. ವಾಸು ಕುಡಿಯುತ್ತಿದ್ದ ನೀರನ್ನು ಅಂಗಿಯ ಮೇಲೆ ಚೆಲ್ಲಿಕೊಂಡ.

ಇನ್ನು ಉಳಿದದ್ದು ಒಂದೇ ದಾರಿ ಎಂದು ಮುನೇಶ ತೀರ್ಮಾನಿಸಿದ. ಆಶಾರಾಣಿ ಅಕ್ಕಿ ಇಡಲು ಎದ್ದುಹೋದ ಸಮಯ ನೋಡಿ, ನವಿಲನ್ನು ತಾನೇ ಬರೆಯಲು ಕೂತ. ನವಿಲೆಂದರೆ ಏನು ಮಹಾ. ಒಂದು ತಲೆ, ಒಂದು ಹೊಟ್ಟೆ, ಹಿಂದೊಂದಷ್ಟು ಗರಿ. ಕೊರಳು ಬಳುಕಬೇಕಾದಲ್ಲಿ ಮೌಸ್ ಜಾರಿ ಗಂಟಲು ಊದಿಕೊಂಡಿತು. ಅದನ್ನು ಸರಿಮಾಡಲು ಹೋದಾಗ ಹೊಟ್ಟೆ ದಪ್ಪವಾಯಿತು. ಹೊಟ್ಟೆಗೆ ತಕ್ಕಂತೆ ಕಾಲು ದಪ್ಪ ಮಾಡಿದ. ಗರಿಗಳನ್ನು ಬರೆಯುವಷ್ಟರಲ್ಲಿ ಹಾಳೆಯಲ್ಲಿ ಜಾಗ ಮುಗಿದು, ಇದ್ದಷ್ಟರಲ್ಲೇ ಮೇಲಕ್ಕೆ ನಿಮಿರಿಸಿದ.

ಆಗಲೇ ಕರೆಗಂಟೆ ಸದ್ದಾಯಿತು. ಬಂದವರು ಕೆಂಪಾಪುರದ ಸರಳಾ, ಮದುಮಗಳ ತಾಯಿ.

"ಈ ಕಡೆ ಕಾರ್ಡ್ ಹಂಚೋಕ್ ಬಂದಿದ್ವಿ. ಡಿಸೈನ್ ರೆಡಿ ಇರುತ್ತಲ್ಲ, ಒಂದ್ಸಲ ನೋಡ್ಕೊಂಡೇ ಹೋಗೋಣ ಅಂತ," ಎನ್ನುತ್ತ ಅವರು ಸೀದಾ ಕಂಪ್ಯೂಟರಿನ ಮುಂದೆ ಬಂದು ನಿಂತರು. ಆಶಾರಾಣಿ ಸೌಟು ಹಿಡಿದು ಓಡಿಬಂದಳು. ತಡವಾಗಿತ್ತು.

ಸರಳಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಕೋಳಿ ಯಾಕ್ರೀ ಹಾಕಿದೀರಾ?"

"ನಾಟಿ ಕೋಳಿ," ಎಂದರು ಮುನಿಕೆಂಪಮ್ಮ, ಮಗನ ಕೈಚಳಕಕ್ಕೆ ಮೊದಲ ಬಾರಿಗೆ ಮೆಚ್ಚುಗೆ ತೋರಿಸುತ್ತ. "ಉಂಜ."

ಮುನೇಶ ಮೌಸ್ ಎಳೆದು ಆ ಚಿತ್ರವನ್ನು ಮುಚ್ಚಿದ.

"ನೋಡಮ್ಮಾ," ಎಂದರು ಸರಳಾ, ಸೋಫಾದಲ್ಲಿ ಕೂರದೆಯೇ. "ನಿನ್ ನವಿಲು ನೋಡಿ ತಾನೇ ನಾನ್ ಬಂದಿದ್ದು? ನಮ್ ಬ್ಲಾಕಲ್ಲಿ ಇನ್ನೂ ಇಬ್ರ ಮನೇಲಿ ಮದ್ವೆ ಇದೆ, ಅವ್ರಿಗೂ ನಿನ್ನ ಹೆಸ್ರೇ ಹೇಳಿದೀನಿ. ನಾಳೆ ಬೆಳಿಗ್ಗೆ ಹೊತ್ಗೆ ನವಿಲು ತೋರ್ಸು. ಆಗಲ್ಲ ಅಂದ್ರೆ ಬಟ್ಟೆ ವಾಪಸ್ ಕೊಟ್ಬಿಡು, ಬೇರೆ ಕಡೆ ನೋಡ್ಕೋತೀವಿ. ಬೇಜಾರ್ ಮಾಡ್ಕೋಬೇಡ."

ಅವರು ಹೋದ ಮೇಲೆ ಆಶಾರಾಣಿ ಕುಕ್ಕರ್ ಆರಿಸಿ ಬಂದಳು. ವಾಸು ಎದ್ದು ಬಾಗಿಲ ಕಡೆ ಹೊರಟ. "ವಾಸು, ನೀವ್ ಇರಿ. ನಿಮ್ಮತ್ರ ಒಂದ್ ಕೆಲ್ಸ ಇದೆ," ಎಂದಳು ಆಶಾರಾಣಿ. ವಾಸು ಕೂತ. ಅವಳು ಒಂದೆರಡು ಮಾತು ಅವನ ಹತ್ತಿರ ಮೆಲ್ಲಗೆ ಹೇಳಿದಳು. ಮುನೇಶ ಆಗ ಅಡುಗೆಮನೆಯಲ್ಲಿ ತಾಯಿಯಿಂದ ಲಕ್ಷ್ಮಿ ಹೊರಟುಹೋಗುವ ವಿಧಾನವನ್ನು ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಅವಳು ಸೆರಗು ಸಿಕ್ಕಿಸಿಕೊಂಡು, "ಸ್ಕೂಟರ್ ತೆಗೀರಿ, ತಾಹೆರಾಕ್ಕನಿಗೆ ಕೆಲ್ಸ ಇಲ್ಲ ಅಂತ ಹೇಳ್ಬಿಟ್ ಬರೋಣ. ಚೌಕಟ್ಟು ಖಾಲಿ ಇಟ್ಕೊಂಡು ಕಾಯ್ತಿರ್ತಾರೆ ಪಾಪ," ಎಂದಳು.

ತಣಿಸಂದ್ರದವರೆಗೆ ಆಶಾರಾಣಿ ಹಿಂದಿನ ಸೀಟಿನಲ್ಲಿ ದೂರ ಸರಿದು ಕೂತಳು. ಅಗೆದಿಟ್ಟ ರಸ್ತೆಯಲ್ಲಿ ಹಳ್ಳ ಬಂದಾಗಲೂ ಅವನ ಭುಜ ಹಿಡಿಯಲಿಲ್ಲ, ಸ್ಕೂಟರಿನ ಕಬ್ಬಿಣ ಹಿಡಿದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮದುವೆಯಾದ ಹೊಸದರಲ್ಲಿ ಅವಳು ಪೆನ್ಸಿಲಿನಲ್ಲಿ ಬರೆದ ಮೊದಲ ನವಿಲನ್ನು ಕಾಲೇಜಿಗೆ ಒಯ್ದು ಎಲ್ಲರಿಗೂ ತೋರಿಸಿ ಬಂದವನು ಮುನೇಶನೇ.

ತಾಹೆರಾ ಅವರನ್ನು ಚಾಪೆಯ ಮೇಲೆ ಕೂರಿಸಿದಳು. ಕೋಣೆಯ ಅರ್ಧ ಜಾಗವನ್ನು ಮರದ ಚೌಕಟ್ಟೇ ತಿಂದಿತ್ತು. ಆಶಾರಾಣಿ ನಡೆದದ್ದೆಲ್ಲ ಹೇಳಿದಳು. ತಾಹೆರಾ ಕೇಳಿ, "ಎಲ್ಲಾ ಹೋಯ್ತಾ? ಅಳಿಸೋಕೆ ಮುಂಚೆ ಒಂದ್ಸಲ ನೋಡ್ಬಾರ್ದಾ ಭಾಯ್?" ಎಂದಳು. ಈ ಮಾತನ್ನು ಆಶಾರಾಣಿ ಶುಕ್ರವಾರವೇ ಹೇಳಿದ್ದಳು. ತಾಹೆರಾ ಚಹಾ ಮಾಡಲು ಎದ್ದು, ಕಪಾಟಿನ ಮೇಲಿನ ಸಕ್ಕರೆ ಡಬ್ಬಿ ತೆಗೆದಳು.

ಆಶಾರಾಣಿ ದಿಢೀರನೆ ಎದ್ದು ನಿಂತಳು. "ತಾಹೆರಾಕ್ಕಾ, ಅಲ್ಲಿ ಹಾಸಿರೋದೇನದು?"

ಕಪಾಟಿನ ಹಲಗೆಯ ಮೇಲೆ ಡಬ್ಬಿಗಳ ಕೆಳಗೆ ಹಾಸಿದ್ದ ಕಾಗದದ ಅಂಚು ಕೆಳಗೆ ಜೋತುಬಿದ್ದಿತ್ತು. ಚೆಂದಕ್ಕೆಂದು ಅಂಚನ್ನು ಹಲ್ಲುಹಲ್ಲಾಗಿ ಕತ್ತರಿಸಲಾಗಿತ್ತು. ಹಿಂದಿನ ಕಿಟಕಿಯ ಬೆಳಕು ಅದರ ಸಣ್ಣ ಸಣ್ಣ ತೂತುಗಳಿಂದ ತೂರಿ ಬರುತ್ತಿತ್ತು. ತೂತುಗಳ ಸಾಲು ಗರಿಯ ಆಕಾರದಲ್ಲಿ ಬಳುಕಿ ಸಕ್ಕರೆ ಡಬ್ಬಿಯ ಅಡಿಗೆ ಹೋಗಿತ್ತು.

"ನಿಂದೇ ಪೇಪರ್ ಅಲ್ವಾ ಆಶಾ. ಹಳೇದು. ಬಟರ್ ಪೇಪರಲ್ಲಿ ಎಣ್ಣೆ ಇಳಿಯಲ್ಲ, ಅದಕ್ಕೆ ಎಲ್ಲಾ ಕಪಾಟಿಗೂ ಹಾಕ್ಬಿಟ್ಟಿದೀನಿ," ಎಂದಳು ತಾಹೆರಾ, ತಪ್ಪು ಮಾಡಿದವಳಂತೆ.

ಆಮೇಲಿನ ಕೆಲಸವೆಲ್ಲ ಮುನೇಶನದು. ಸಕ್ಕರೆ, ಬೇಳೆ, ಮೆಣಸಿನಪುಡಿ, ಶಾವಿಗೆ, ಸ್ಟೀಲಿನ ಲೋಟಗಳ ಗೋಪುರ, ಎರಡು ಕೈಯಲ್ಲೂ ಹಿಡಿಸದ ಉಪ್ಪಿನಕಾಯಿ ಜಾಡಿ, ಎಲ್ಲವನ್ನೂ ಹೊತ್ತು ಹೊತ್ತು ನೆಲಕ್ಕಿಳಿಸಿದ. ಬೆವರು ಮೂಗಿನ ತುದಿಯಿಂದ ಇಳಿಯಿತು. ಸರ್ವರ್ ರೂಮಿನ ಏಸಿಯಲ್ಲಿ ಕೂತು ಕೆಲಸ ಮಾಡುವ ಕೈಗಳಿಗೆ ಅಕ್ಕಿ ಡಬ್ಬದ ಭಾರ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದೊಂದು ಹಲಗೆಯಿಂದಲೂ ಒಂದೊಂದು ಹಾಳೆ ಹೊರಬಂತು. ಮಾವಿನಕಾಯಿಯ ಮೇಲೆ ಅರಿಶಿನದ ಕಲೆ. ಆನೆಯ ಸೊಂಡಿಲ ಮೇಲೆ ಜಾಡಿಯ ದುಂಡನೆಯ ಗುರುತು. ಕಮಲ ಹಾಗೇ ಇತ್ತು. ನವಿಲಿನ ತಲೆಯ ಜುಟ್ಟು ಮಾತ್ರ ಅಂಚು ಕತ್ತರಿಸುವಾಗ ಹೋಗಿಬಿಟ್ಟಿತ್ತು. ಆಶಾರಾಣಿ ಅಲ್ಲೇ ನೆಲದ ಮೇಲೆ ಕೂತು ಪೆನ್ಸಿಲಿನಲ್ಲಿ ಜುಟ್ಟು ಬರೆದಳು. ಹಾಳೆಯನ್ನು ಮಗುಚಿ ಹಾಕಿದರೆ ಆ ನವಿಲೇ ಈ ಕಡೆ ತಿರುಗಿತು, ಜೋಡಿಯಾಯಿತು.

ಭಾನುವಾರ ಬೆಳಿಗ್ಗೆ ಸರಳಾ ಅದನ್ನು ನೋಡಿ, "ನಿನ್ನೆ ಕೋಳಿ ತೋರ್ಸಿ ಹೆದರಿಸ್ಬಿಟ್ಯಲ್ಲಮ್ಮ," ಎಂದು ನಕ್ಕು ಹೋದರು. ಸೋಮವಾರ ಬಟ್ಟೆ ಚೌಕಟ್ಟೇರಿತು. ಮದುವೆಯೂ ಆಯಿತು.

ಮುನೇಶನ ಶಿಕ್ಷೆ ಮಾತ್ರ ಆಗಷ್ಟೇ ಶುರುವಾಗಿತ್ತು. ತಾಹೆರಾಳ ಕಪಾಟಿನಿಂದ ಬಂದ ಹಾಳೆಗಳ ಮೇಲೆ ಬಿಳಿ ಹಾಳೆಯಿಟ್ಟು, ತೂತಿನಿಂದ ತೂತಿಗೆ ಪೆನ್ನಿನಲ್ಲಿ ಗೆರೆ ಎಳೆಯಬೇಕು. ಅದನ್ನು ಆಶಾರಾಣಿ ಸ್ಕ್ಯಾನ್ ಮಾಡಿ ಮತ್ತೆ ಬ್ರಶ್ ಮಾಡಿಟ್ಟುಕೊಳ್ಳುತ್ತಾಳೆ. ಅದು ಮುಗಿಯುವವರೆಗೆ ಅವನು ಮನೆಯ ಕಂಪ್ಯೂಟರು ಮುಟ್ಟುವಂತಿಲ್ಲ. ದಿನಾ ಸಂಜೆ ಕಾಲೇಜಿನಿಂದ ಬಂದು ನೆಲದ ಮೇಲೆ ಬೋರಲಾಗಿ ಬಿದ್ದು ಚುಕ್ಕಿ ಸೇರಿಸುತ್ತಿದ್ದ. ಬಾಗಿಲಲ್ಲಿ ಇಣುಕಿದ ನೆರೆಯವರಿಗೆ ಮುನಿಕೆಂಪಮ್ಮ ಅಭಿಮಾನದಿಂದ, "ನಮ್ ಮುನೇಸ ರಂಗೋಲಿ ಆಕಾದ್ ಕಲೀತಾವ್ನೆ," ಎನ್ನುತ್ತಿದ್ದರು. ಸೊಂಟ ಹಿಡಿದುಕೊಂಡಿತು. ಕಣ್ಣು ಮುಚ್ಚಿದರೂ ಚುಕ್ಕಿ ಕಾಣುತ್ತಿತ್ತು. ಆನೆಯ ಸೊಂಡಿಲು ಮುಗಿಯುವಷ್ಟರಲ್ಲಿ ಮಳೆಗಾಲವೇ ಬಂತು.

ಕೊನೆಯ ಮಾವಿನಕಾಯಿ ಮುಗಿದ ದಿನ ಅವನು ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡ. ಕೈ ತುರಿಸುತ್ತಿತ್ತು. ಇಷ್ಟು ದಿನದಲ್ಲಿ ಎಷ್ಟು ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿರಬಹುದು, ಎಷ್ಟು ಹಳೆಯ ಫೋಲ್ಡರು ಉಳಿದಿರಬಹುದು. ಶುಕ್ರವಾರವಲ್ಲ ಎಂದು ಕ್ಯಾಲೆಂಡರು ನೋಡಿ ಖಾತ್ರಿ ಮಾಡಿಕೊಂಡ. ದೀಪ ಹಚ್ಚಲು ಇನ್ನೂ ಹೊತ್ತಿತ್ತು. ಕುರ್ಚಿ ಎಳೆದುಕೊಂಡು ಕಂಪ್ಯೂಟರು ಹಚ್ಚಿದ.

ಪರದೆ ಬೆಳಗಿತು. ಹಿನ್ನೆಲೆಯಲ್ಲಿ ಅಂಚಿನಿಂದ ಅಂಚಿಗೆ ಗೋವಾದ ಸಮುದ್ರ, ಅದರ ಮುಂದೆ ಹೂವಿನ ಚಡ್ಡಿಯಲ್ಲಿ ಅವನು ಮತ್ತು ವಾಸು. ಹೆಸರಿರಬೇಕಾದ ಜಾಗದಲ್ಲಿ 'ಆಶಾರಾಣಿ' ಎಂದಿತ್ತು. ತನಗೆ ಗೊತ್ತಿದ್ದ ಪಾಸ್‌ವರ್ಡ್ ಒತ್ತಿದ, ತಪ್ಪು ಎಂದಿತು. ಇನ್ನೊಮ್ಮೆ ಒತ್ತಿದ, ಮತ್ತೆ ತಪ್ಪು. ಅವನು ವಾಸುವಿಗೆ ಫೋನ್ ಮಾಡಿದ.

"ಸಾರಿ ಗುರು," ಎಂದ ವಾಸು, ಹಲೋ ಕೂಡ ಅನ್ನದೆ. "ಅವತ್ತು ನೀವ್ ತಣಿಸಂದ್ರಕ್ಕೆ ಹೋದಾಗ ಮಾಡಿದ್ದು. ಇಲ್ಲಾಂದ್ರೆ ಮಾಲಾಗೆ ಫೋಟೋ ಕಳಿಸ್ತೀನಿ ಅಂದ್ರು ಅತ್ತಿಗೆ. ನನಗೂ ಸಂಸಾರ ಇದೆ."

ಆಶಾರಾಣಿ ಹಿಂದೆ ಬಂದು ನಿಂತಿದ್ದಳು.

"ಏನಾಶಾ ಇದು? ನನ್ ಹೆಸ್ರೆಲ್ಲಿ?"

"ನೀವೇ ತಾನೇ ಹೇಳಿದ್ದು, ಹಳೇದು ಒಂದೇ ಒಂದು ಉಳಿದ್ರೂ ನಿಮ್ಮ ಹೆಸ್ರು ಮುನೇಶ ಅಲ್ಲ ಅಂತ?" ಅವಳು ಪರದೆಯ ಮೇಲಿನ ಸಮುದ್ರವನ್ನು ತೋರಿಸಿದಳು. "ಉಳೀತಲ್ಲ."

"ಹಂಗಾದ್ರೆ ನಾನು ಕಂಪ್ಯೂಟರ್ ಮುಟ್ಟೋದೇ ಬೇಡ್ವಾ?"

"ಅಯ್ಯೋ, ಮುಟ್ಟಿ. ಯಾರ್ ಬೇಡ ಅಂದ್ರು? ಕೆಳಗೆ ನಿಮಗೂ ಒಂದು ಇದೆ ನೋಡಿ."

ಅವಳ ಹೆಸರಿನ ಕೆಳಗೆ, ಸಣ್ಣ ಅಕ್ಷರದಲ್ಲಿ, 'ಗೆಸ್ಟ್' ಎಂದಿತ್ತು. ಮುನೇಶ ಅದನ್ನು ಒತ್ತಿದ. ಖಾಲಿ ಪರದೆಯೊಂದು ತೆರೆದುಕೊಂಡು, ಸೂಚನೆ ಮೂಡಿತು: ಇಲ್ಲಿ ನೀವು ಮಾಡಿದ್ದೆಲ್ಲವೂ ನೀವು ಎದ್ದು ಹೋದ ಕೂಡಲೇ ಅಳಿಸಿಹೋಗುತ್ತದೆ.

"ಒಂದು ಫೋಲ್ಡರೂ ಉಳಿಯಲ್ವಂತೆ ರೀ," ಎಂದಳು ಆಶಾರಾಣಿ. "ನಿಮಗೋಸ್ಕರಾನೇ ಮಾಡಿರೋ ಹಂಗಿದೆ."

ಒಳಗಿನಿಂದ ಮುನಿಕೆಂಪಮ್ಮನ ದನಿ ಬಂತು. "ಆಸಾ, ಯಾರ್ ಬಂದವ್ರೆ?"

"ಯಾರೋ ಗೆಸ್ಟು ಅತ್ತೆ," ಎಂದಳು ಸೊಸೆ. "ಕಾಫಿಗೆ ಹಾಲಿಡಿ, ಕುಡಿದು ಹೊರಡ್ತಾರೆ."